ಅಲಿ ದೊಡ್ಡವರಾ, ಲೂಯಿಸ್ ದೊಡ್ಡವರಾ? ಬೇರೆ ಬೇರೆ ಕಾಲದ ಬಾಕ್ಸಿಂಗ್ ಚಾಂಪಿಯನ್ನರನ್ನು ಹೋಲಿಸುವ ಕ್ರಮ

ಅಮೆರಿಕದ ಶನಿವಾರ ರಾತ್ರಿಯ ದೊಡ್ಡ ಬಾಕ್ಸಿಂಗ್ ಪಂದ್ಯ ಮಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಬರುತ್ತದೆ. ಅದು ಮುಗಿದು ಮೀನು ತರಲು ಹೊರಡುವಷ್ಟರಲ್ಲಿ ಓದುಗರ ಪ್ರಶ್ನೆ ಶುರು. "ಇವನು ಟೈಸನ್ ಎದುರು ಎಷ್ಟು ರೌಂಡ್ ನಿಲ್ತಿದ್ದ?" "ಅಲಿಗಿಂತ ದೊಡ್ಡವರು ಯಾರಾದ್ರೂ ಉಂಟಾ?" "ಮಾರ್ಸಿಯಾನೊ ಒಂದೂ ಸೋತಿಲ್ಲ ಅಲ್ವಾ, ಮತ್ತೆಂಥ ಚರ್ಚೆ?" ಅಲಿ, ಲೂಯಿಸ್, ಮಾರ್ಸಿಯಾನೊ, ಟೈಸನ್ ಎಲ್ಲ ಬೇರೆ ಬೇರೆ ಕಾಲದ ಹೆವಿವೇಟ್, ಅಂದರೆ ಅತಿ ಭಾರದ ವರ್ಗದ, ಚಾಂಪಿಯನ್ನರು. ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು, ಹೋಲಿಸುವ ಕ್ರಮವನ್ನೇ ಇಲ್ಲಿ ಬರೆದುಬಿಡುತ್ತೇನೆ. ಕೊನೆಗೆ ನಿಮ್ಮ ಉತ್ತರ ನನ್ನದಕ್ಕಿಂತ ಬೇರೆ ಬರಬಹುದು, ತಕರಾರಿಲ್ಲ. ಆದರೆ ಕಾರಣ ಹೇಳಲು ಬರಬೇಕು.

ಕರಾವಳಿಯವರಿಗೆ ಈ ತೊಡಕು ಹೊಸತಲ್ಲ. 2020ರ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು, ಅಂದರೆ ಕೋಣ ಓಡಿಸುವ ಕೆಸರಿನ ಓಟದ ಹಾದಿಯನ್ನು, 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಅದನ್ನು 100 ಮೀಟರಿಗೆ ಲೆಕ್ಕ ಹಾಕಿ 9.55 ಸೆಕೆಂಡು ಎಂದರು, ಉಸೇನ್ ಬೋಲ್ಟ್‌ರ 9.58ರ ಪಕ್ಕ ಇಟ್ಟರು, ದೇಶವೆಲ್ಲ ಸುದ್ದಿಯಾಯಿತು. ಗೌಡರು ಅಸಾಮಾನ್ಯ ಓಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೌಡರ ಮುಂದೆ ಜೋಡಿ ಕೋಣಗಳಿದ್ದವು, ಕಾಲಡಿಯಲ್ಲಿ ಕೆಸರು ನೀರಿತ್ತು. ಬೋಲ್ಟ್ ಒಣ ಟ್ರ್ಯಾಕಿನಲ್ಲಿ ಕೋಣಗಳಿಲ್ಲದೆ ಓಡಿದವರು. ಷರತ್ತು ಬೇರೆಯಾಗಿದ್ದಾಗ ಅಂಕಿ ಮಾತ್ರ ಪಕ್ಕಪಕ್ಕ ಇಟ್ಟರೆ ಯಾರು ಮೇಲು ಎಂದು ತಿಳಿಯುವುದಿಲ್ಲ. ಬಾಕ್ಸಿಂಗ್‌ನ ಜಗಳವೆಲ್ಲ ಹುಟ್ಟುವುದೂ ಇಲ್ಲೇ.

ಏನೇನು ಬೇಕು?

ಒಂದು ನೋಟ್‌ಬುಕ್, ಒಂದು ಪೆನ್ಸಿಲ್. ಪಂದ್ಯಗಳ ಪಟ್ಟಿಗೆ ಬಾಕ್ಸ್‌ರೆಕ್ ಜಾಲತಾಣ. ಇದರಲ್ಲಿ ಪ್ರತಿ ಬಾಕ್ಸರ್‌ನ ಪಂದ್ಯಗಳು ತಾರೀಕಿನ ಸಮೇತ ಸಾಲಾಗಿ ಸಿಗುತ್ತವೆ. ಯೂಟ್ಯೂಬ್‌ನಲ್ಲಿ ಪೂರ್ತಿ ಪಂದ್ಯದ ವಿಡಿಯೊಗಳು. ತೂಕವೆಲ್ಲ ಪೌಂಡ್‌ನಲ್ಲಿರುತ್ತದೆ, 1 ಪೌಂಡ್ ಎಂದರೆ ಸುಮಾರು 0.45 ಕೆ.ಜಿ. ಇಬ್ಬರನ್ನು ಸರಿಯಾಗಿ ಹೋಲಿಸಲು ಒಂದು ಭಾನುವಾರ ಸಾಲುವುದಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

1. ಯಾವ ಪ್ರಶ್ನೆ ಕೇಳುತ್ತಿದ್ದೀರಿ ಎಂದು ಬರೆದುಕೊಳ್ಳಿ

"ಯಾರು ದೊಡ್ಡವರು" ಎನ್ನುವುದರೊಳಗೆ ಕಡಿಮೆ ಎಂದರೂ ಮೂರು ಪ್ರಶ್ನೆಗಳು ಸೇರಿಕೊಂಡಿವೆ. ಒಂದೇ ರಿಂಗಿಗೆ ಇಳಿಸಿದರೆ ಯಾರು ಗೆಲ್ಲುತ್ತಿದ್ದರು? ಇಡೀ ವೃತ್ತಿಜೀವನ ನೋಡಿದರೆ ಯಾರ ಸಾಧನೆ ದೊಡ್ಡದು? ಒಳ್ಳೆ ಫಾರ್ಮಿನಲ್ಲಿದ್ದ ಎರಡು ಮೂರು ವರ್ಷದಲ್ಲಿ ಯಾರ ಆಟ ಮೇಲು?

ಮೂರಕ್ಕೂ ಉತ್ತರ ಒಂದೇ ಬರಬೇಕಾಗಿಲ್ಲ. ಟೈಸನ್ 1986ರಲ್ಲಿ 20ನೇ ವಯಸ್ಸಿಗೆ ಹೆವಿವೇಟ್ ಪಟ್ಟ ಗೆದ್ದರು. ಅಷ್ಟು ಚಿಕ್ಕ ವಯಸ್ಸಿಗೆ ಆ ಪಟ್ಟ ಬೇರೆ ಯಾರಿಗೂ ಸಿಕ್ಕಿಲ್ಲ. 1990ರ ಫೆಬ್ರುವರಿಯಲ್ಲಿ ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್‌ಗೆ ಸೋತರು. ಮೂರನೇ ಪ್ರಶ್ನೆಗೆ ಅವರ ಹೆಸರು ಮೇಲೆ ಬರಬಹುದು, ಎರಡನೆಯದಕ್ಕೆ ಕೆಳಗಿಳಿಯಬಹುದು. ಹೋಟೆಲಿನಲ್ಲಿ ಕೂತು ವಾದ ಮಾಡುವವರಲ್ಲಿ ಒಬ್ಬರು ಮೊದಲ ಪ್ರಶ್ನೆಗೆ, ಇನ್ನೊಬ್ಬರು ಎರಡನೆಯದಕ್ಕೆ ಉತ್ತರ ಕೊಡುತ್ತಿರುತ್ತಾರೆ. ಗೋಳಿಬಜೆ ತಣ್ಣಗಾದರೂ ಮಾತು ಮುಗಿಯುವುದಿಲ್ಲ.

ನನ್ನ ಸಲಹೆ: ಎರಡನೇ ಪ್ರಶ್ನೆಯನ್ನೇ ಹಿಡಿಯಿರಿ. ಸಾಕ್ಷಿ ಸಿಗುವುದು ಅದಕ್ಕೆ. ಮೊದಲನೆಯದು ಬರೇ ಊಹೆ.

2. ತೂಕ ನೋಡಿ

ಹೆವಿವೇಟ್ ಎಂಬ ಹೆಸರು ಒಂದೇ ಆದರೂ ಒಳಗಿನ ಆಳುಗಳು ಬದಲಾಗಿದ್ದಾರೆ. ರಾಕಿ ಮಾರ್ಸಿಯಾನೊ ರಿಂಗಿಗೆ ಇಳಿಯುತ್ತಿದ್ದುದು ಸುಮಾರು 84–85 ಕೆ.ಜಿ. ತೂಕದಲ್ಲಿ. ಇಂದಿನ ಲೆಕ್ಕದಲ್ಲಿ ಅದು ಕ್ರೂಸರ್‌ವೇಟ್, ಅಂದರೆ 200 ಪೌಂಡ್ ಒಳಗಿನ ವರ್ಗ. ಜೋ ಲೂಯಿಸ್ ಸುಮಾರು 90 ಕೆ.ಜಿ. 1974ರಲ್ಲಿ ಕಿನ್‌ಶಾಸಾದಲ್ಲಿ ಫೋರ್‌ಮನ್ ಎದುರು ನಿಂತ ಅಲಿ ಸುಮಾರು 98. 2024ರ ಮೇ ತಿಂಗಳಲ್ಲಿ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ಸುಮಾರು 101 ಕೆ.ಜಿ., ಎದುರಿಗಿದ್ದ ಬ್ರಿಟನ್ನಿನ ಟೈಸನ್ ಫ್ಯೂರಿ ಸುಮಾರು 119.

ಸಣ್ಣ ಆಳು ದೊಡ್ಡವರನ್ನು ಸೋಲಿಸುವುದಿಲ್ಲ ಎಂದಲ್ಲ. ಉಸಿಕ್ ಸೋಲಿಸಿ ತೋರಿಸಿದರು. ಜ್ಯಾಕ್ ಡೆಂಪ್ಸಿ 1919ರಲ್ಲಿ ತನಗಿಂತ 25 ಕೆ.ಜಿ.ಗೂ ಜಾಸ್ತಿ ಭಾರದ ಆಗಿನ ಚಾಂಪಿಯನ್ ಜೆಸ್ ವಿಲ್ಲರ್ಡ್‌ರನ್ನು ಮೊದಲ ರೌಂಡಿನಲ್ಲೇ ಏಳು ಸಲ ಕೆಡವಿದರು. ಆದರೂ ತೂಕ ಬರೆದುಕೊಳ್ಳದೆ ಮುಂದೆ ಹೋಗಬೇಡಿ.

ಬೇರೆ ಬೇರೆ ತೂಕದವರನ್ನು ಹೋಲಿಸುವಾಗ "ಪೌಂಡ್ ಫಾರ್ ಪೌಂಡ್" ಎಂಬ ಮಾತು ಕೇಳುತ್ತೀರಿ. ಎಲ್ಲರೂ ಒಂದೇ ತೂಕದವರು ಎಂದು ಇಟ್ಟುಕೊಂಡರೆ ಯಾರ ಕೌಶಲ ಮೇಲು ಎಂದು ಕೇಳುವ ಕ್ರಮ ಅದು. ಶುಗರ್ ರೇ ರಾಬಿನ್ಸನ್‌ರ ಹೆಸರಿನ ಜೊತೆ ಈ ಮಾತು ಅಂಟಿಕೊಂಡೇ ಬಂದಿದೆ.

3. ಆ ಕಾಲದ ನಿಯಮ ಬರೆದುಕೊಳ್ಳಿ

ಹೆಚ್ಚಿನವರು ಹಾರಿಸುವ ಹಂತ ಇದು. ನನಗೆ ಎಲ್ಲಕ್ಕಿಂತ ರುಚಿಸುವುದೂ ಇದೇ.

ಮೊದಲು ರೌಂಡುಗಳ ಲೆಕ್ಕ. 1915ರಲ್ಲಿ ಹವಾನಾದಲ್ಲಿ ಹೆವಿವೇಟ್ ಚಾಂಪಿಯನ್ ಜ್ಯಾಕ್ ಜಾನ್ಸನ್ ಪಟ್ಟ ಕಳೆದುಕೊಂಡಿದ್ದು 26ನೇ ರೌಂಡಿನಲ್ಲಿ. ಆ ಪಂದ್ಯಕ್ಕೆ ಗೊತ್ತು ಮಾಡಿದ್ದು 45 ರೌಂಡು! ಆಮೇಲೆ ಪಟ್ಟದ ಪಂದ್ಯಕ್ಕೆ 15 ರೌಂಡು ರೂಢಿಯಾಯಿತು. 1982ರ ನವೆಂಬರ್‌ನಲ್ಲಿ ರೇ ಮ್ಯಾನ್ಸಿನಿ ಎದುರು 14ನೇ ರೌಂಡಿನಲ್ಲಿ ಬಿದ್ದ ಕೊರಿಯಾದ ಕಿಮ್ ಡುಕ್ ಕೂ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅದಾದ ಮೇಲೆ ಒಂದೊಂದೇ ಸಂಸ್ಥೆ 12 ರೌಂಡಿಗೆ ಇಳಿಯಿತು.

ಮೂರು ರೌಂಡಿನಿಂದ ಎಂಥ ವ್ಯತ್ಯಾಸ ಎಂದು ಕೇಳುತ್ತೀರಾ? 1941ರಲ್ಲಿ ಬಿಲ್ಲಿ ಕಾನ್ 12 ರೌಂಡು ಮುಗಿದಾಗ ಅಂಕದಲ್ಲಿ ಲೂಯಿಸ್‌ಗಿಂತ ಮುಂದಿದ್ದರು. 13ನೇ ರೌಂಡಿನಲ್ಲಿ ಲೂಯಿಸ್ ಅವರನ್ನು ನಾಕೌಟ್ ಮಾಡಿದರು, ಅಂದರೆ ರೆಫರಿ ಹತ್ತು ಎಣಿಸುವುದರೊಳಗೆ ಏಳದ ಹಾಗೆ ಕೆಡವಿದರು. 1952ರಲ್ಲಿ ಜೆರ್ಸಿ ಜೋ ವಾಲ್ಕಾಟ್ ಎದುರು ಮಾರ್ಸಿಯಾನೊ 12 ರೌಂಡಿನ ನಂತರ ಹಿಂದಿದ್ದರು. ಅವರೂ ಗೆದ್ದಿದ್ದು 13ನೇ ರೌಂಡಿನ ಒಂದು ಬಲಗೈ ಗುದ್ದಿನಿಂದ. ಇಂದಿನ ನಿಯಮ ಇದ್ದಿದ್ದರೆ ಕಾನ್ ಅವತ್ತು ಚಾಂಪಿಯನ್, ಮಾರ್ಸಿಯಾನೊರ ಪ್ರಸಿದ್ಧ 49–0 ದಾಖಲೆಯೇ ಇಲ್ಲ! ಹಾಗೆಂದು ಇಬ್ಬರನ್ನೂ ಕೆಳಗಿಳಿಸಬೇಡಿ. 12ಕ್ಕೆ ಮುಗಿಯುತ್ತದೆ ಎಂದು ಗೊತ್ತಿದ್ದರೆ ಅವರು ಮೊದಲೇ ಏರಿ ಹೋಗುತ್ತಿದ್ದರು, ಅಲ್ವಾ? ಆಡುವವರು ತಮ್ಮ ಕಾಲದ ನಿಯಮಕ್ಕೆ ತಕ್ಕ ಹಾಗೆ ಆಡುತ್ತಾರೆ.

ಎರಡನೆಯದು ಬಿದ್ದವರ ಹತ್ತಿರ ನಿಲ್ಲುವ ವಿಷಯ. ಈಗ ಎದುರಾಳಿ ಬಿದ್ದರೆ ಕೆಡವಿದವರು ದೂರದ ನ್ಯೂಟ್ರಲ್ ಕಾರ್ನರ್‌ಗೆ, ಅಂದರೆ ಇಬ್ಬರಿಗೂ ಸೇರದ ಮೂಲೆಗೆ, ಹೋಗಬೇಕು. ಡೆಂಪ್ಸಿ ವಿಲ್ಲರ್ಡ್‌ರನ್ನು ಕೆಡವಿದಾಗ ಹಾಗಿರಲಿಲ್ಲ. ಪಕ್ಕದಲ್ಲೇ ನಿಂತು, ಏಳುತ್ತಿದ್ದ ಹಾಗೆ ಮತ್ತೆ ಹೊಡೆಯಬಹುದಿತ್ತು. 1927ರಲ್ಲಿ ಅದೇ ಡೆಂಪ್ಸಿ ಜೀನ್ ಟನ್ನಿಯನ್ನು ಕೆಡವಿ ಹೊಸ ನಿಯಮ ಮರೆತು ಅಲ್ಲೇ ನಿಂತರು. ರೆಫರಿ ಎಣಿಕೆ ತಡ ಮಾಡಿದರು, ಟನ್ನಿ ಎದ್ದರು, ಕೊನೆಗೆ ಗೆದ್ದರು.

ಇನ್ನು ತೂಕ ನೋಡುವ ಸಮಯ. ಹಿಂದೆ ಪಂದ್ಯದ ದಿನವೇ ತೂಗುತ್ತಿದ್ದರು. 1980ರ ದಶಕದಿಂದ ಹಿಂದಿನ ದಿನ ತೂಗುವ ಪದ್ಧತಿ ಬಂತು. ಈಗಿನವರು ಮೈಯ ನೀರು ಇಳಿಸಿ ತೂಕಕ್ಕೆ ಬಂದು, ರಾತ್ರಿ ಬೆಳಗಾಗುವುದರೊಳಗೆ ಕುಡಿದು ತಿಂದು ಭಾರವಾಗಿ ರಿಂಗಿಗೆ ಇಳಿಯುತ್ತಾರೆ. ಹಾಗಾಗಿ ಹೆವಿವೇಟ್‌ಗಿಂತ ಹಗುರದ ಮಿಡ್ಲ್‌ವೇಟ್ ವರ್ಗ ತೆಗೆದುಕೊಂಡರೆ, 1950ರ ಮಿಡ್ಲ್‌ವೇಟ್ ಮತ್ತು ಇಂದಿನ ಮಿಡ್ಲ್‌ವೇಟ್ ಕಾಗದದಲ್ಲಿ ಮಾತ್ರ ಒಂದೇ ತೂಕ.

ಎಷ್ಟು ಸಲ ಆಡುತ್ತಿದ್ದರು ಎನ್ನುವುದನ್ನೂ ಬರೆದುಕೊಳ್ಳಿ. ಲೂಯಿಸ್ 1941 ಒಂದೇ ವರ್ಷ ಏಳು ಸಲ ಪಟ್ಟ ಪಣಕ್ಕಿಟ್ಟು ಆಡಿದರು. ಈಗಿನ ಚಾಂಪಿಯನ್ ವರ್ಷಕ್ಕೆ ಒಂದೋ ಎರಡೋ ಸಲ ಆಡಿದರೆ ಹೆಚ್ಚು.

4. ದಾಖಲೆಯನ್ನು ಸಾಲು ಸಾಲಾಗಿ ಓದಿ

ಗೆಲುವು–ಸೋಲಿನ ಒಟ್ಟು ಅಂಕಿ ನೋಡಿ ನಿಲ್ಲಬೇಡಿ. ಪ್ರತಿ ದೊಡ್ಡ ಗೆಲುವಿನ ಮುಂದೆ ಮೂರು ವಿಷಯ ಬರೆಯಿರಿ: ಎದುರಾಳಿ ಯಾರು, ಅವತ್ತು ಅವರ ವಯಸ್ಸೆಷ್ಟು, ಅದಕ್ಕೂ ಹಿಂದಿನ ಎರಡು ಮೂರು ಪಂದ್ಯದಲ್ಲಿ ಅವರ ಗತಿ ಏನಾಗಿತ್ತು. ಇಡೀ ಕ್ರಮದ ಬೆನ್ನೆಲುಬು ಇದೇ. ಉಳಿದ ಹಂತಗಳಿಗೆ ಪುರುಸೊತ್ತು ಇಲ್ಲದಿದ್ದರೆ ಇದೊಂದನ್ನಾದರೂ ಮಾಡಿ.

ಮಾರ್ಸಿಯಾನೊ ಅವರನ್ನೇ ತೆಗೆದುಕೊಳ್ಳಿ. 49 ಪಂದ್ಯ, 49 ಗೆಲುವು, 43 ನಾಕೌಟ್. ಈಗ ಹೆಸರುಗಳನ್ನು ನೋಡಿ. 1951ರಲ್ಲಿ ಲೂಯಿಸ್‌ರನ್ನು ಸೋಲಿಸಿದಾಗ ಲೂಯಿಸ್‌ಗೆ 37. ಮರುವರ್ಷ ವಾಲ್ಕಾಟ್‌ಗೆ 38. 1954ರಲ್ಲಿ ಎರಡು ಸಲ ಸೋಲಿಸಿದ ಎಜರ್ಡ್ ಚಾರ್ಲ್ಸ್‌ಗೆ 32–33 ಇರಬಹುದು, ಆದರೆ ಅವರ ಒಳ್ಳೆಯ ಕಾಲ ಒಂದು ವರ್ಗ ಕೆಳಗೆ, ಲೈಟ್ ಹೆವಿವೇಟ್‌ನಲ್ಲಿ ಕಳೆದಿತ್ತು. 1955ರಲ್ಲಿ ಸೋತ ಆರ್ಚಿ ಮೂರ್‌ಗೆ 40ರ ಹತ್ತಿರ. ಹೆಸರೆಲ್ಲ ದೊಡ್ಡವು, ಹೊತ್ತು ಮಾತ್ರ ಮೀರಿತ್ತು. ಆದರೂ ಇದ್ದವರನ್ನೆಲ್ಲ ಸೋಲಿಸಿದರು ಎಂಬ ಮಾತನ್ನೂ ಬರೆದುಕೊಳ್ಳಿ. ಯಾರ ಕಾಲದಲ್ಲಿ ಹುಟ್ಟಬೇಕು ಎಂದು ಯಾರೂ ಆರಿಸಿಕೊಳ್ಳುವುದಿಲ್ಲ.

ಸೊನ್ನೆ ಸೋಲಿನ ಮೋಹ ಈಗಂತೂ ಜಾಸ್ತಿ. ಮೇವೆದರ್ 50–0. ಅದರಲ್ಲಿ 50ನೆಯದು 2017ರಲ್ಲಿ ಮೆಕ್‌ಗ್ರೆಗರ್ ಎದುರು, ಅಂದರೆ ವೃತ್ತಿಪರ ಬಾಕ್ಸಿಂಗ್‌ನಲ್ಲಿ ಮೊದಲ ಪಂದ್ಯ ಆಡುತ್ತಿದ್ದವರ ಎದುರು. ಮಾರ್ಸಿಯಾನೊರ 49ನ್ನು ದಾಟಿದ್ದು ಆ ಗೆಲುವಿನಿಂದ! ಮೇವೆದರ್ ಅಸಾಧ್ಯ ಕೌಶಲದ ಬಾಕ್ಸರ್. ಆದರೆ ಅದನ್ನು ತೋರಿಸಲು ಬೇರೆ ಪಂದ್ಯಗಳು ಬೇಕಾದಷ್ಟು ಉಂಟು, ಆ 50 ಎಂಬ ಅಂಕಿ ಬೇಡ.

ಇನ್ನೊಂದು ತುದಿಯಲ್ಲಿ ರಾಬಿನ್ಸನ್. ಸುಮಾರು 200 ಪಂದ್ಯ ಆಡಿದವರು, ಸೋಲು 19. ಹೊಸಬರು ಈ ಅಂಕಿ ನೋಡಿ ಮೂಗು ಮುರಿಯುತ್ತಾರೆ. ತಾರೀಕು ನೋಡಿ: 1951ರ ಜುಲೈವರೆಗೆ ಅವರನ್ನು ಸೋಲಿಸಿದ್ದು ಒಬ್ಬರೇ, ಜೇಕ್ ಲಮೊಟಾ. ಅದೇ ಲಮೊಟಾ ಎದುರು ಒಟ್ಟು ಆರು ಪಂದ್ಯದಲ್ಲಿ ಐದನ್ನು ರಾಬಿನ್ಸನ್ ಗೆದ್ದರು. ಉಳಿದ ಸೋಲುಗಳಲ್ಲಿ ಬಹಳಷ್ಟು 40 ದಾಟಿದ ಮೇಲಿನವು. 44ನೇ ವಯಸ್ಸಿನವರೆಗೂ ಅವರು ರಿಂಗ್ ಬಿಡಲಿಲ್ಲ.

5. ಸೋಲು ಯಾವಾಗ ಬಂತು, ವರ್ಷ ಎಲ್ಲಿ ಹೋಯಿತು

ಅಲಿಯವರ ಐದು ಸೋಲುಗಳಲ್ಲಿ ಕೊನೆಯ ಎರಡು 1980 ಮತ್ತು 1981ರವು, ಆಗ ಅವರಿಗೆ 38 ದಾಟಿತ್ತು. ಅವನ್ನು ಬೇರೆ ಬಣ್ಣದಲ್ಲಿ ಗುರುತು ಮಾಡಿ. ಹಾಗೆಯೇ ಆಡದೇ ಹೋದ ವರ್ಷಗಳಿಗೆ ಒಂದು ಕಾಲಂ ಹಾಕಿ. ಸೇನೆಗೆ ಸೇರಲು ಒಪ್ಪದ್ದಕ್ಕೆ ಅಲಿ 1967ರಿಂದ 1970ರವರೆಗೆ, 25ರಿಂದ 28ರ ವಯಸ್ಸಿನಲ್ಲಿ, ರಿಂಗಿನಿಂದ ಹೊರಗಿದ್ದರು. ಲೂಯಿಸ್ ಸೇನೆಗೆ ಸೇರಿ 1942ರ ಮಾರ್ಚ್ ನಂತರ 1946ರ ಜೂನ್‌ವರೆಗೆ ಪಟ್ಟದ ಪಂದ್ಯ ಆಡಲಿಲ್ಲ. ಆಡದ ವರ್ಷಕ್ಕೆ ಗೆಲುವು ಸೇರಿಸಿ ಕೊಡಬೇಡಿ. ಖಾಲಿ ಇದ್ದದ್ದು ಖಾಲಿಯೇ ಇರಲಿ, ಆದರೆ ಕಾಣಬೇಕು.

6. ಬೆಲ್ಟ್ ಎಣಿಸುವಾಗ ಎಚ್ಚರ

ಹಿಂದೆ ಎಂಟು ತೂಕದ ವರ್ಗಗಳಿದ್ದವು, ಒಂದೊಂದಕ್ಕೆ ಸಾಮಾನ್ಯವಾಗಿ ಒಬ್ಬರು ಚಾಂಪಿಯನ್. ಈಗ 17 ವರ್ಗಗಳು. ಒಂದೊಂದಕ್ಕೂ ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ ಎಂಬ ನಾಲ್ಕು ಸಂಸ್ಥೆಗಳ ಬೆಲ್ಟ್, ಅಂದರೆ ಒಂದೊಂದು ಸಂಸ್ಥೆಯದು ಒಂದೊಂದು ಪಟ್ಟ. ಲೆಕ್ಕ ನೀವೇ ಮಾಡಿ. "ಮೂರು ವರ್ಗದಲ್ಲಿ ವಿಶ್ವ ಚಾಂಪಿಯನ್" ಎಂಬ ಮಾತಿಗೆ 1940ರಲ್ಲಿದ್ದ ಭಾರ ಈಗಿಲ್ಲ. ಎಂಟು ವರ್ಗದಲ್ಲಿ ಪಟ್ಟ ಗೆದ್ದ ಪ್ಯಾಕ್ವಿಯಾವೊ ಅವರನ್ನು ಅಳೆಯುವಾಗಲೂ ಬೆಲ್ಟ್ ಬಿಟ್ಟು, ಸೋತವರ ಹೆಸರು ನೋಡಿ. ಅವರಿಗೆ ಅದರಿಂದ ನಷ್ಟವೇನಿಲ್ಲ, ಆ ಪಟ್ಟಿಯೂ ಗಟ್ಟಿಯೇ.

ಎರಡು ಪದ ಗೊತ್ತಿರಲಿ. ನಾಲ್ಕೂ ಬೆಲ್ಟ್ ಒಬ್ಬರ ಕೈಯಲ್ಲಿದ್ದರೆ "ಅನ್‌ಡಿಸ್ಪ್ಯೂಟೆಡ್". ಬೆಲ್ಟ್ ಏನೇ ಇರಲಿ, ಹಿಂದಿನ ಚಾಂಪಿಯನ್ನರನ್ನು ರಿಂಗಿನಲ್ಲೇ ಸೋಲಿಸಿ ಪಟ್ಟಕ್ಕೆ ಬಂದವರು "ಲೀನಿಯಲ್" ಚಾಂಪಿಯನ್. ಹಳಬರ ಜೊತೆ ಹೋಲಿಸಲು ಈ ಎರಡನೆಯದೇ ಹೆಚ್ಚು ಉಪಯೋಗ.

ಪಟ್ಟ ಸಿಗದವರನ್ನೂ ಮರೆಯಬೇಡಿ. ಜಾನ್ಸನ್ ಪಟ್ಟ ಕಳೆದುಕೊಂಡ 1915ರಿಂದ ಲೂಯಿಸ್ ಗೆದ್ದ 1937ರವರೆಗೆ, 22 ವರ್ಷ, ಒಬ್ಬನೇ ಒಬ್ಬ ಕಪ್ಪು ಬಾಕ್ಸರ್‌ಗೆ ಹೆವಿವೇಟ್ ಪಟ್ಟಕ್ಕೆ ಆಡುವ ಅವಕಾಶ ಕೊಡಲಿಲ್ಲ. ಡೆಂಪ್ಸಿ ಕಾಲದ ಹ್ಯಾರಿ ವಿಲ್ಸ್ ಕಾದು ಕಾದು ಮುದುಕರಾದರು. ಸ್ಯಾಮ್ ಲ್ಯಾಂಗ್‌ಫರ್ಡ್‌ಗಂತೂ ಕಪ್ಪು ಚಾಂಪಿಯನ್ ಜಾನ್ಸನ್ ಕೂಡ ಪಟ್ಟದ ಪಂದ್ಯ ಕೊಡಲಿಲ್ಲ. ಹಾಗಾಗಿ ಆ ಕಾಲದ ಚಾಂಪಿಯನ್ನರ ಮುಂದೆ "ಯಾರನ್ನು ಎದುರಿಸಲಿಲ್ಲ" ಎಂಬ ಸಾಲು ಬೇಕೇಬೇಕು. ಡೆಂಪ್ಸಿಯವರಿಗೆ ನಾನು ಅಂಕ ಕಡಿಮೆ ಕೊಡುವುದು ಈ ಸಾಲಿಗೇ.

7. ವಿಡಿಯೊ ನೋಡುವ ಕ್ರಮ

ಹೈಲೈಟ್ಸ್ ಬೇಡ ಮಾರಾಯ್ರೆ. ನಾಕೌಟ್ ಮಾತ್ರ ಕತ್ತರಿಸಿ ಜೋಡಿಸಿದರೆ ಯಾರೂ ಟೈಸನ್ ಆಗಿ ಕಾಣುತ್ತಾರೆ. ಪೂರ್ತಿ ಪಂದ್ಯ ನೋಡಿ, ಕಾಮೆಂಟರಿ ಮ್ಯೂಟ್ ಮಾಡಿ, ನೀವೇ ಅಂಕ ಕೊಡಿ. ರೌಂಡು ಗೆದ್ದವರಿಗೆ 10, ಸೋತವರಿಗೆ 9, ಸೋತವರು ಒಮ್ಮೆ ಕೆಳಗೆ ಬಿದ್ದಿದ್ದರೆ ಸಾಮಾನ್ಯವಾಗಿ 8. ಒಬ್ಬೊಬ್ಬರದು ಮೂರು ಪಂದ್ಯ ಸಾಕು: ಅವರ ಅತಿ ಒಳ್ಳೆಯದು, ಕಷ್ಟಪಟ್ಟು ಗೆದ್ದದ್ದು, ಸೋತದ್ದು. ಅಲಿಗೆ 1966ರ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ಪಂದ್ಯ, 1975ರ ಮನಿಲಾ ಪಂದ್ಯ, 1971ರಲ್ಲಿ ಫ್ರೇಜಿಯರ್‌ಗೆ ಸೋತದ್ದು ನೋಡಿ. ಮೂರರಲ್ಲಿ ಮೂರು ಬೇರೆ ಅಲಿ ಸಿಗುತ್ತಾರೆ.

ಮೂಕಿ ಕಾಲದ ಫಿಲ್ಮ್ ನೋಡಿ ನಗಬೇಡಿ. ಕೈಯಲ್ಲಿ ತಿರುಗಿಸುವ ಕ್ಯಾಮೆರಾದಲ್ಲಿ ತೆಗೆದದ್ದನ್ನು ಈಗಿನ ವೇಗದಲ್ಲಿ ಓಡಿಸಿದರೆ ಯಾರೇ ಆದರೂ ಗೊಂಬೆಯಂತೆ ಕುಣಿಯುತ್ತಾರೆ. ವೇಗ 0.75ಕ್ಕೆ ಇಳಿಸಿ ನೋಡಿ. ಸುಮಾರು 300 ಪಂದ್ಯ ಆಡಿದ, ಟನ್ನಿಯನ್ನು ಸೋಲಿಸಿದ ಏಕೈಕ ಬಾಕ್ಸರ್ ಹ್ಯಾರಿ ಗ್ರೆಬ್ ಅವರ ಒಂದು ಪಂದ್ಯದ ಫಿಲ್ಮೂ ಉಳಿದಿಲ್ಲ. ರಾಬಿನ್ಸನ್ ಮಿಡ್ಲ್‌ವೇಟ್‌ಗಿಂತ ಹಗುರದ ವೆಲ್ಟರ್‌ವೇಟ್‌ನಲ್ಲಿ ಮಿಂಚಿದ ಕಾಲದ ದೃಶ್ಯವೂ ತೀರಾ ಕಡಿಮೆ, ನಮಗೆ ಸಿಗುವುದು ಹೆಚ್ಚಾಗಿ ಆಮೇಲಿನ ಮಿಡ್ಲ್‌ವೇಟ್ ವರ್ಷಗಳದು. ವಿಡಿಯೊ ಇಲ್ಲ ಎಂದು ಅಂಥವರನ್ನು ಪಟ್ಟಿಯಿಂದ ತೆಗೆಯಬೇಡಿ.

8. ಕಾಲ ದಾಟಿಸುವುದಾದರೆ ಎರಡೂ ಕಡೆಗೆ ದಾಟಿಸಿ

ಎಷ್ಟು ಹೇಳಿದರೂ "ರಿಂಗಿಗೆ ಇಳಿಸಿದರೆ?" ಎಂದು ಕೇಳುವವರು ಕೇಳುತ್ತಾರೆ. ಸರಿ, ಇಳಿಸಿ. ಆದರೆ ಡೆಂಪ್ಸಿಯನ್ನು ಇವತ್ತಿಗೆ ತರುವುದಾದರೆ ಇವತ್ತಿನ ಊಟ, ಜಿಮ್, ವೈದ್ಯರನ್ನೂ ಕೊಡಿ. ಉಸಿಕ್‌ರನ್ನು 1919ಕ್ಕೆ ಕಳಿಸುವುದಾದರೆ ಆ ಕಾಲದ ಸಣ್ಣ ಗ್ಲೌಸ್ ಹಾಕಿಸಿ, ಬಿದ್ದಾಗ ಎದುರಾಳಿ ತಲೆಯ ಮೇಲೆ ನಿಂತಿರುತ್ತಾನೆ ಎಂದೂ ಹೇಳಿ ಕಳಿಸಿ. ಎರಡು ಕಾಲದಲ್ಲೂ ಒಬ್ಬರೇ ಗೆಲ್ಲುತ್ತಾರೆ ಎನಿಸಿದರೆ ಮಾತ್ರ ಧೈರ್ಯವಾಗಿ ಹೇಳಿ.

ಕಂಪ್ಯೂಟರಿಗೆ ಕೇಳೋಣ ಎನ್ನುವವರಿಗೆ ಒಂದು ಹಳೆ ಸಂಗತಿ. 1967ರಲ್ಲಿ ಅಮೆರಿಕದ ರೇಡಿಯೊಗೆಂದು ಕಂಪ್ಯೂಟರ್‌ನಲ್ಲಿ ಎಲ್ಲ ಕಾಲದ ಹೆವಿವೇಟ್‌ಗಳ ಟೂರ್ನಿ ಮಾಡಿದರು. ಅಲಿ ಅದರಲ್ಲಿ ಜಿಮ್ ಜೆಫ್ರೀಸ್‌ಗೆ ಸೋತರು, ಸಿಟ್ಟಾಗಿ ಕೋರ್ಟಿಗೆ ಹೋದರು. ಆಮೇಲೆ ಅಲಿ ಮತ್ತು ನಿವೃತ್ತ ಮಾರ್ಸಿಯಾನೊ ಇಬ್ಬರನ್ನೂ ಕ್ಯಾಮೆರಾ ಮುಂದೆ ಆಡಿಸಿ, 1970ರಲ್ಲಿ "ಕಂಪ್ಯೂಟರ್ ತೀರ್ಪು" ಎಂದು ತೋರಿಸಿದರು. ಅಮೆರಿಕದಲ್ಲಿ ತೋರಿಸಿದ್ದರಲ್ಲಿ ಮಾರ್ಸಿಯಾನೊ 13ನೇ ರೌಂಡಿನಲ್ಲಿ ಗೆದ್ದರು, ಯುರೋಪಿನಲ್ಲಿ ತೋರಿಸಿದ್ದರಲ್ಲಿ ಅಲಿ ಗೆದ್ದರು. ವಿಡಿಯೊ ಗೇಮ್ ಇರಲಿ, ಈಗಿನ ಎಐ ಇರಲಿ, ಒಳಗೆ ಹಾಕಿದ್ದೇ ಹೊರಗೆ ಬರುವುದು.

9. ಎರಡು ಸಾಲಿನ ತೀರ್ಪು ಬರೆಯಿರಿ

ಅಂಕ ಕೂಡಿಸಿ ಮೊತ್ತ ಹಾಕುವ ಗೋಜಿಗೆ ಹೋಗಬೇಡಿ. ಯಾರು, ಯಾವ ಪ್ರಶ್ನೆಗೆ, ಯಾಕೆ, ಅಷ್ಟೇ. ಲೂಯಿಸ್ ಮತ್ತು ಮಾರ್ಸಿಯಾನೊ ಬಗ್ಗೆ ನನ್ನದು ಹೀಗಿದೆ: "ಸಾಧನೆಯಲ್ಲಿ ಲೂಯಿಸ್. 12 ವರ್ಷ ಪಟ್ಟ, 25 ಸಲ ಉಳಿಸಿಕೊಂಡದ್ದು, ಮಾರ್ಸಿಯಾನೊ ಉಳಿಸಿಕೊಂಡದ್ದು ಆರು ಸಲ." ಇದಕ್ಕೆ ಎದುರು ವಾದವನ್ನೂ ಕೆಳಗೆ ಬರೆದಿಟ್ಟಿದ್ದೇನೆ: ಆ 25ರಲ್ಲಿ ಹಲವರು ಸಾಧಾರಣ ಎದುರಾಳಿಗಳು, 1947ರಲ್ಲಿ ವಾಲ್ಕಾಟ್ ಎದುರು ರೆಫರಿಯ ಲೆಕ್ಕದಲ್ಲಿ ಲೂಯಿಸ್ ಸೋತಿದ್ದರು, ಇಬ್ಬರು ಜಡ್ಜ್‌ಗಳಿಂದ ಪಟ್ಟ ಉಳಿಯಿತು. ಅಲಿಯೋ ಲೂಯಿಸೋ ಎಂದರೆ ನಾನು ಅಲಿ ಕಡೆ. ಲಿಸ್ಟನ್, ಫ್ರೇಜಿಯರ್, ಫೋರ್‌ಮನ್ ಎಂಬ ಮೂರು ಹೆಸರು ಒಬ್ಬರ ಗೆಲುವಿನ ಪಟ್ಟಿಯಲ್ಲಿ ಇರುವುದು ಸಣ್ಣ ಸಂಗತಿಯಲ್ಲ.

ನಮ್ಮವರಲ್ಲಿ ಹೆಚ್ಚು ಕೇಳುವುದು ಮೇರಿ ಕೋಮ್ ಮತ್ತು ನಿಖತ್ ಜರೀನ್ ಬಗ್ಗೆ. ಇವರದು ಅಮೆಚೂರ್ ಬಾಕ್ಸಿಂಗ್, ಅಂದರೆ ಒಲಿಂಪಿಕ್ಸ್ ಮಾದರಿಯ ಕಡಿಮೆ ರೌಂಡಿನ ಆಟ. ಹಂತಗಳು ಅವೇ. ಮೇರಿ ಆರು ಸಲ ವಿಶ್ವ ಚಾಂಪಿಯನ್, 2002ರಿಂದ 2018ರವರೆಗೆ, 45ರಿಂದ 48 ಕೆ.ಜಿ.ಯಲ್ಲಿ. 2012ರಲ್ಲಿ ಮಹಿಳಾ ಬಾಕ್ಸಿಂಗ್ ಮೊದಲ ಸಲ ಒಲಿಂಪಿಕ್ಸ್‌ಗೆ ಬಂದಾಗ ಅವರ ತೂಕದ ವರ್ಗವೇ ಇರಲಿಲ್ಲ. 51 ಕೆ.ಜಿ.ಗೆ ಏರಿ ಕಂಚು ತಂದರು. ಅವರು ಗೆಲ್ಲಲು ಶುರು ಮಾಡಿದ ವರ್ಷಗಳಲ್ಲಿ ಕೂಟಕ್ಕೆ ಬರುತ್ತಿದ್ದ ದೇಶಗಳು ಈಗಿನಷ್ಟಿರಲಿಲ್ಲ, ಅದನ್ನೂ ಬರೆಯಿರಿ. ನಿಖತ್ 2022 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್. 2019ರ ಡಿಸೆಂಬರ್‌ನಲ್ಲಿ ದೆಹಲಿಯ ಟ್ರಯಲ್ಸ್‌ನಲ್ಲಿ ಇಬ್ಬರೂ ಎದುರಾದಾಗ ಮೇರಿ 9–1ರಿಂದ ಗೆದ್ದರು. ಇದನ್ನೇ ಹಿಡಿದು ವಾದ ಮುಗಿಸುವವರಿದ್ದಾರೆ. ನಾಲ್ಕನೇ ಹಂತ ನೆನಪಿಸಿಕೊಳ್ಳಿ: ಅವತ್ತು ನಿಖತ್‌ಗೆ 23, ಅವರ ಎರಡೂ ವಿಶ್ವ ಪದಕ ಆಮೇಲಿನವು. ಸದ್ಯಕ್ಕೆ ಸಾಧನೆಯ ಪ್ರಶ್ನೆಗೆ ಮೇರಿ ಎಂದೇ ಬರೆಯಿರಿ, ಆದರೆ ನಿಖತ್‌ರ ಕಾಲಂ ಅನ್ನು ಪೆನ್ಸಿಲಿನಲ್ಲಿ ಬರೆಯಿರಿ.